ಮೈಸೂರಿನ ಮತದಾನದ ಶಾಯಿ: 10 ಮಿ.ಲೀ. ಶೀಶೆಯ ವಿಮರ್ಶೆ

ಅಂಗಡಿಯಲ್ಲಿ ಸಿಗದ, ಬಿಡಿಯಾಗಿ ಯಾರಿಗೂ ಮಾರದ ಸರಕಿಗೆ ವಿಮರ್ಶೆ ಯಾಕೆ ಎಂದು ಕೇಳಬಹುದು. ಇದನ್ನು ಕೊಳ್ಳುವುದು ಚುನಾವಣಾ ಆಯೋಗ, ನಿಜ. ಆದರೆ ಬಳಸುವವರು ಶಾಲೆಯ ಮೇಷ್ಟ್ರು, ಗ್ರಾಮ ಲೆಕ್ಕಿಗರು, ಬ್ಯಾಂಕಿನ ಗುಮಾಸ್ತರು. ಮಸ್ಟರಿಂಗ್ ದಿನ, ಅಂದರೆ ಮತಗಟ್ಟೆ ಸಿಬ್ಬಂದಿಗೆ ಸಾಮಗ್ರಿ ಹಂಚುವ ದಿನ, ಚೀಲದ ತಳದಲ್ಲೆಲ್ಲೋ ಸಿಗುವ ಈ ಪುಟ್ಟ ಶೀಶೆಯ ಗುಣದೋಷ ತಿಳಿಯದೆ ಮತಗಟ್ಟೆಗೆ ಹೋದರೆ ಸಂಜೆ ಆರರವರೆಗೂ ಪಾಡು. ಮತಯಂತ್ರದ ಬಗ್ಗೆ ಎರಡೆರಡು ತರಬೇತಿ ಕೊಡುವವರು ಶಾಯಿಯ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತಾರೆ. ಎಡವಟ್ಟುಗಳ ಮೂಲ ಅಲ್ಲಿಯೇ ಇದೆ.

ತಯಾರಕರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್, ಬನ್ನಿಮಂಟಪ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಹುಟ್ಟಿದಾಗ ಇದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು. ಮತಪೆಟ್ಟಿಗೆಗೆ ಮೊಹರು ಹಾಕುವ ಅರಗಿನಿಂದ ಮತದಾರನ ಬೆರಳಿಗೆ ಮೊಹರು ಹಾಕುವ ಶಾಯಿಗೆ ಬಂದದ್ದು ದೂರದ ದಾರಿಯೇನಲ್ಲ. 1947ರಲ್ಲಿ ಸರ್ಕಾರಿ ಸಂಸ್ಥೆಯಾಯಿತು, ಈಗಿನ ಹೆಸರು 1989ರದ್ದು. ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಲೋಕಸಭೆಯ ಮೂರನೇ ಚುನಾವಣೆಯಲ್ಲಿ, ಅಂದರೆ 1962ರಲ್ಲಿ, ಇದು ಮೊದಲು ಬಳಕೆಗೆ ಬಂತು. ಅಂದಿನಿಂದ ದೇಶದ ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಶಾಯಿ ಹೋಗುವುದು ಇಲ್ಲಿಂದಲೇ.

2024ರ ಲೋಕಸಭಾ ಚುನಾವಣೆಗೆ ಹೋದದ್ದು ಸುಮಾರು 26.55 ಲಕ್ಷ ಶೀಶೆ. ಆಗ 10 ಮಿ.ಲೀ. ಶೀಶೆಯೊಂದಕ್ಕೆ ಸುಮಾರು 174 ರೂಪಾಯಿ ಇತ್ತು. ಒಂದು ಶೀಶೆ 700 ಜನರಿಗೆ ಸಾಕು ಎಂಬುದು ಕಂಪನಿಯ ಲೆಕ್ಕ. ಭಾಗಿಸಿದರೆ ತಲೆಗೆ 25 ಪೈಸೆ, 0.014 ಮಿ.ಲೀ. ಇಷ್ಟು ಅಗ್ಗದ ಭದ್ರತಾ ವ್ಯವಸ್ಥೆ ಇಡೀ ಚುನಾವಣಾ ಖರ್ಚಿನಲ್ಲಿ ಇನ್ನೊಂದು ಇರಲಾರದು.

ಒಳಗಿರುವುದು ಏನು? ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್. ಸಾಮಾನ್ಯವಾಗಿ ಹೇಳುವ ಪ್ರಮಾಣ ಶೇಕಡ 10ರಿಂದ 18. ಇದರ ಜೊತೆಗೆ ನೇರಳೆ ಬಣ್ಣ, ಬೇಗ ಒಣಗಲು ಆಲ್ಕೋಹಾಲ್. ಪೂರ್ತಿ ಸೂತ್ರ ಗುಟ್ಟು. ಹಚ್ಚಿದ ಕೂಡಲೇ ಕಾಣುವ ನೇರಳೆ ಗೆರೆ ಬರೀ ಬಣ್ಣ, ಅದು ನಿಜವಾದ ಗುರುತಲ್ಲ. ನಿಜವಾದ ಕೆಲಸ ಆಮೇಲೆ ಶುರು. ಚರ್ಮದ ಬೆವರಿನ ಉಪ್ಪಿನ ಜೊತೆ ಸಿಲ್ವರ್ ನೈಟ್ರೇಟ್ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದರಿಂದ ಬೆಳ್ಳಿಯ ಸೂಕ್ಷ್ಮ ಕಣಗಳು ಬಿಡುಗಡೆಯಾಗಿ ಚರ್ಮದ ಮೇಲ್ಪದರದಲ್ಲಿ, ಉಗುರಿನಲ್ಲಿ ಕಪ್ಪಾಗಿ ಕೂರುತ್ತವೆ. ಹಾಗಾಗಿ ಮನೆಗೆ ಹೋಗಿ ಸೋಪು ಹಾಕಿ ಉಜ್ಜಿದವರಿಗೆ ನೇರಳೆ ಹೋಗಿ ಕಂದು-ಕಪ್ಪು ಕಲೆ ಉಳಿಯುತ್ತದೆ. ಉಜ್ಜಿ ಬಿಸಿಲಲ್ಲಿ ಓಡಾಡಿದರೆ ಇನ್ನೂ ಕಪ್ಪು. "ಬಣ್ಣ ಹೋಯಿತು, ಶಾಯಿ ನಕಲಿ" ಎಂದು ಮಧ್ಯಾಹ್ನವೇ ವಿಡಿಯೊ ಹಾಕುವವರು ಸಂಜೆ ಅದೇ ಬೆರಳನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.

ಬಾಳಿಕೆಯ ಬಗ್ಗೆ ಎರಡು ಲೆಕ್ಕ ಇಟ್ಟುಕೊಳ್ಳಿ. ಚರ್ಮದ ಮೇಲಿನ ಕಲೆ ಸತ್ತ ಪದರ ಉದುರಿದಂತೆ ಮಾಯವಾಗುತ್ತದೆ. ಪಾತ್ರೆ ತೊಳೆಯುವ, ಗಾರೆ ಕಲಸುವ ಕೈಗಳಲ್ಲಿ ಕೆಲವೇ ದಿನ, ಮೇಜಿನ ಕೆಲಸದವರಲ್ಲಿ ಒಂದೆರಡು ವಾರ. ಉಗುರಿನದು ಬೇರೆ ಕತೆ. ಉಗುರಿಗೆ ಉದುರುವ ಪದರವಿಲ್ಲ, ಬೆಳೆದೇ ಹೋಗಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಬುಡಕ್ಕೆ ಬಿದ್ದ ಕಲೆ ತುದಿ ಮುಟ್ಟಿ ಕತ್ತರಿಗೆ ಸಿಗಲು ತಿಂಗಳುಗಳೇ ಬೇಕು. 2006ರ ಫೆಬ್ರವರಿಯಿಂದ ಆಯೋಗ ಗುರುತಿನ ಆಕಾರ ಬದಲಿಸಿದೆ. ಮೊದಲು ಉಗುರು-ಚರ್ಮ ಕೂಡುವಲ್ಲಿ ಒಂದು ಗುರುತು ಇಡುತ್ತಿದ್ದರು. ಈಗ ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಉದ್ದನೆಯ ಗೆರೆ. ಶಾಯಿಯ ಸೂತ್ರಕ್ಕಿಂತ ಈ ಗೆರೆಯೇ ದೊಡ್ಡ ಸುಧಾರಣೆ ಎಂದರೆ ಅತಿಶಯವಲ್ಲ. 2024ರಲ್ಲಿ ಕರ್ನಾಟಕದ ಎರಡು ಹಂತಗಳ ನಡುವೆ, ಏಪ್ರಿಲ್ 26ರಿಂದ ಮೇ 7ಕ್ಕೆ, 11 ದಿನದ ಅಂತರವಿತ್ತು. ಚರ್ಮದ ಕಲೆಯೊಂದನ್ನೇ ನಂಬಿದ್ದರೆ ಎರಡನೇ ಹಂತದ ಹೊತ್ತಿಗೆ ಎಷ್ಟೋ ಬೆರಳು ಬಿಳಿಯಾಗಿರುತ್ತಿದ್ದವು. ಉಗುರಿನ ಗೆರೆ ಹಾಗೆ ಮೋಸ ಮಾಡುವುದಿಲ್ಲ. ಅವಸರದಲ್ಲಿ ಬೆರಳ ತುದಿಗೆ ಒಂದು ಚುಕ್ಕೆ ಇಟ್ಟು ಕಳಿಸುವ ಸಿಬ್ಬಂದಿ ಈ ಶೀಶೆಯ ಅರ್ಧ ಬೆಲೆಯನ್ನು ಅಲ್ಲೇ ಚೆಲ್ಲಿದಂತೆ.

ಇನ್ನು ದೋಷಗಳು. ಮೊದಲನೆಯದು ಶಾಯಿಯದಲ್ಲ, ಶೀಶೆಯದು. ಸಣ್ಣ ತಳ, ಹಗುರ ಮೈ. ಮುಚ್ಚಳಕ್ಕೆ ಅಂಟಿದ ಪ್ಲಾಸ್ಟಿಕ್ ಕಡ್ಡಿ ಎತ್ತಿ ಇಡುವಾಗ ಮೊಣಕೈ ತಗುಲಿದರೆ ಸಾಕು, ಮಗುಚುತ್ತದೆ. ಮಗುಚಿದರೆ ಮತದಾರರ ರಿಜಿಸ್ಟರ್, ಮೇಜು, ಅಂಗಿ ಎಲ್ಲದರ ಮೇಲೂ ಕಲೆ, ಅದು ಸೋಪಿಗೆ ಬಗ್ಗುವ ಕಲೆಯಲ್ಲ. ಇದಕ್ಕೆ ಮತಗಟ್ಟೆ ಅಧಿಕಾರಿಗಳ ಕೈಪಿಡಿಯೇ ಕೊಡುವ ಪರಿಹಾರ: ಅಗಲ ತಳದ ಲೋಟ ಅಥವಾ ಖಾಲಿ ಡಬ್ಬಿಯಲ್ಲಿ ಮರಳು ಇಲ್ಲವೇ ಸಡಿಲ ಮಣ್ಣು ತುಂಬಿ, ನಡುವೆ ಶೀಶೆಯ ಮುಕ್ಕಾಲು ಭಾಗ ಹೂಳಿ. ಉಪಾಯ ಚೆನ್ನಾಗಿದೆ, ಕೆಲಸವೂ ಮಾಡುತ್ತದೆ. ಆದರೆ ಹತ್ತಾರು ದೇಶಗಳಿಗೆ ರಫ್ತಾಗುವ ಸರಕಿಗೆ ಅಗಲ ತಳದ ಶೀಶೆ ಮಾಡಿಸುವ ಬದಲು ಶಾಲೆಯ ಅಂಗಳದ ಮರಳನ್ನೇ ನಂಬಿ ಕೂತಿರುವುದು ತಮಾಷೆಯೇ ಸರಿ. ಹಿಂದಿನ ಸಂಜೆಯೇ ಮರಳು ತುಂಬಿಸಿಟ್ಟುಕೊಳ್ಳಿ. ಬೆಳಿಗ್ಗೆ ಅಣಕು ಮತದಾನದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಎರಡನೆಯದು ಕಡ್ಡಿ. ಗೆರೆ ಎಳೆದ ಮೇಲೆ ಅದು ಶೀಶೆಯೊಳಗೇ ನೇರವಾಗಿ ನಿಂತಿರಬೇಕು. ಮೇಜಿನ ಮೇಲೆ ಇಟ್ಟರೆ ಆಲ್ಕೋಹಾಲ್ ಆರಿ ತುದಿ ಗಟ್ಟಿಯಾಗುತ್ತದೆ, ಮುಂದಿನ ಗೆರೆ ತೆಳುವಾಗುತ್ತದೆ. ಶೀಶೆಯ ಬಾಯಿ ತೆರೆದೇ ಇದ್ದರೂ ಅಷ್ಟೇ, ಮಧ್ಯಾಹ್ನದ ಹೊತ್ತಿಗೆ ಶಾಯಿ ಮಂದವಾಗುತ್ತದೆ. ಇನ್ನು ಕಿಟಕಿ ಪಕ್ಕದ ಬಿಸಿಲಲ್ಲಿ ಇಟ್ಟರಂತೂ ಬೆರಳಿನ ಮೇಲೆ ಆಗಬೇಕಾದ ಕೆಲಸ ಶೀಶೆಯೊಳಗೇ ಶುರು. ಬೆಳಕು ತಾಗದಿರಲೆಂದೇ ಶೀಶೆಗೆ ಗಾಢ ಬಣ್ಣ. ಹೀಗೆ ಕೆಡುವ ಸರಕಾದ್ದರಿಂದ ವರ್ಷಗಟ್ಟಲೆ ದಾಸ್ತಾನು ಇಡಲಾಗದು. 1998ರಲ್ಲಿ ಚುನಾವಣೆ ಮುಗಿದು 1999ರಲ್ಲೇ ಮತ್ತೆ ಲೋಕಸಭೆಗೆ ಮಧ್ಯಂತರ ಚುನಾವಣೆ ಬಂತಲ್ಲ, ಅಂಥ ಹೊತ್ತಿನಲ್ಲಿ ಹಳೆಯ ಶೀಶೆಗಳನ್ನು ತೆಗೆದು ಒರೆಸಿ ಕಳಿಸುವ ಹಾಗಿಲ್ಲ. ಅಷ್ಟೂ ಹೊಸದಾಗಿ ತಯಾರಾಗಬೇಕು. ಮಸ್ಟರಿಂಗ್ ಕೇಂದ್ರದಲ್ಲಿ ಚೀಲ ತಗೊಳ್ಳುವಾಗಲೇ ಎರಡು ಶೀಶೆ ಇವೆಯೇ, ಮೊಹರು ಗಟ್ಟಿಯಿದೆಯೇ, ಸೋರಿಲ್ಲವೇ, ತುಂಬಿವೆಯೇ ಎಂದು ನೋಡಿ, ಸರಿಯಿಲ್ಲದಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಬಸ್ಸು ಹತ್ತಿದ ಮೇಲೆ ಹಲವು ಮತಗಟ್ಟೆಗಳ ಉಸ್ತುವಾರಿ ನೋಡುವ ಸೆಕ್ಟರ್ ಅಧಿಕಾರಿಗೆ ಫೋನಾಯಿಸಿ ಕಾಯುವುದೇ ಗತಿ.

ಬಳಸುವ ಕ್ರಮಕ್ಕೆ ಬರೋಣ, ಶಾಯಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಮೊದಲನೇ ಪೋಲಿಂಗ್ ಅಧಿಕಾರಿ ಗುರುತು ಖಾತ್ರಿ ಮಾಡಿದ ಮೇಲೆ ಮತದಾರ ಎರಡನೆಯವರ ಮುಂದೆ ಬರುತ್ತಾನೆ. ಶಾಯಿ, 17ಎ ರಿಜಿಸ್ಟರ್ (ಮತದಾರರ ಸಹಿ ಪಡೆಯುವ ಪುಸ್ತಕ), ಮತದಾರರ ಚೀಟಿ ಮೂರೂ ಇವರ ತಲೆಗೇ. 1,200 ಮತದಾರರ ಮತಗಟ್ಟೆಯಲ್ಲಿ ಎಲ್ಲರೂ ಬಂದರೆ ಬೆಳಿಗ್ಗೆ 7ರಿಂದ ಸಂಜೆ 6ರ ನಡುವೆ ತಲೆಗೆ ಸಿಗುವುದು 33 ಸೆಕೆಂಡ್. ಮುಕ್ಕಾಲು ಪಾಲು ಬಂದರೆ 44. ಶಾಯಿ ಒಣಗಲು ಬೇಕಾದದ್ದು ಸುಮಾರು 40 ಸೆಕೆಂಡ್. ಈ ಎರಡು ಅಂಕಿಗಳ ನಡುವೆಯೇ ಇಡೀ ವ್ಯವಸ್ಥೆ ನಿಂತಿದೆ.

ಆದ್ದರಿಂದ ಕ್ರಮ ತಪ್ಪಿಸಬೇಡಿ. ಎಡ ತೋರುಬೆರಳಿನಲ್ಲಿ ಹಳೆಯ ಗುರುತು ಇದೆಯೇ ನೋಡಿ. ಎಣ್ಣೆ, ಜಿಡ್ಡು, ಬೇರೆ ಯಾವುದೇ ಲೇಪ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಬೆರಳಿಗೆ ಪೊರೆ ಬಳಿದುಕೊಂಡು ಬರುವ ಚಾಲಾಕಿಗಳಿಗೂ ಇದೇ ಮದ್ದು. ಸ್ಯಾನಿಟೈಸರ್ ಹಚ್ಚಿದ ಕೈಯಾದರೆ ಪೂರ್ತಿ ಆರಲು ಬಿಡಿ, ಇಲ್ಲದಿದ್ದರೆ ಅದರ ಆಲ್ಕೋಹಾಲಿಗೆ ಬಣ್ಣ ಹರಡಿಹೋಗುತ್ತದೆ. ಆಮೇಲೆ ಗೆರೆ. ಸಹಿ ಅಥವಾ ಹೆಬ್ಬೆಟ್ಟು ಶಾಯಿಯ ನಂತರವೇ. ಹಲವರು ಮೊದಲು ಸಹಿ ಹಾಕಿಸಿ ಕೊನೆಗೆ ಶಾಯಿ ಹಚ್ಚುತ್ತಾರೆ. ಹಾಗೆ ಮಾಡಿದರೆ ಒಣಗಲು ಸಿಗಬೇಕಾದ ಹೊತ್ತು ಸಿಗುವುದಿಲ್ಲ, ಮತದಾರ ಹೊರಗೆ ಕಾಲಿಡುವಾಗಲೂ ಬೆರಳು ಹಸಿಯಾಗಿರುತ್ತದೆ. ಹೆಬ್ಬೆಟ್ಟಿನವರಲ್ಲಿ ಇನ್ನೊಂದು ಎಚ್ಚರ: ಪ್ಯಾಡಿಗೆ ಒತ್ತುವುದೂ ಎಡಗೈ ಹೆಬ್ಬೆರಳೇ, ಆ ಕೈಯ ತೋರುಬೆರಳು ಆಗಷ್ಟೇ ಶಾಯಿ ಕಂಡಿರುತ್ತದೆ. ಒತ್ತಿಸಿದ ಮೇಲೆ ಹೆಬ್ಬೆರಳು ಒರೆಸುವ ಒದ್ದೆ ಬಟ್ಟೆ ತೋರುಬೆರಳಿಗೆ ತಾಗಿದರೆ ಮಾಡಿದ ಕೆಲಸ ಹಾಳು. ಒದ್ದೆ ಬಟ್ಟೆ ಒಂದು ಕಡೆ, ಒಣ ಬಟ್ಟೆ ಇನ್ನೊಂದು ಕಡೆ ಇರಲಿ. ಮತಯಂತ್ರವನ್ನು ನಿಯಂತ್ರಿಸುವ ಕಂಟ್ರೋಲ್ ಯೂನಿಟ್ ಮುಂದೆ ಕೂತ ಮೂರನೆಯವರು ಚೀಟಿ ಪಡೆದು ಬ್ಯಾಲೆಟ್ ಗುಂಡಿ ಒತ್ತುವ ಮುಂಚೆ ಬೆರಳನ್ನು ಮತ್ತೆ ನೋಡಬೇಕು. ಗೆರೆ ಅಳಿಸಿದ್ದರೆ ಮತ್ತೆ ಹಚ್ಚಬೇಕು. ಹಚ್ಚಿಸಿಕೊಳ್ಳಲು ಒಪ್ಪದವರಿಗೆ ಮತವಿಲ್ಲ.

ನೇಲ್ ಪಾಲಿಶ್ ಇದ್ದರೆ ಶಾಯಿ ಪಾಲಿಶ್ ಮೇಲೇ ಕೂತು ಅದರ ಜೊತೆಗೇ ಹೋಗುತ್ತದೆ. ಗೆರೆ ಉಗುರಿನ ಬುಡ ದಾಟಿ ಚರ್ಮಕ್ಕೆ ಚೆನ್ನಾಗಿ ಇಳಿಯಲಿ. ಮೇ ತಿಂಗಳ ಮದುವೆ ಕಾಲದಲ್ಲಿ ಗಾಢ ಮೆಹಂದಿಯ ಕೈಗಳಲ್ಲಿ ಗುರುತು ಕಾಣುವುದೇ ಕಷ್ಟ, ಅಲ್ಲಿ ಉಗುರೇ ಗತಿ. ಎಡ ತೋರುಬೆರಳು ಇಲ್ಲದವರಿಗೆ ಎಡಗೈಯ ಬೇರೆ ಬೆರಳು, ಎಡಗೈ ಬೆರಳುಗಳೇ ಇಲ್ಲದಿದ್ದರೆ ಬಲ ತೋರುಬೆರಳು ಅಥವಾ ಆ ಕೈಯ ಬೇರೆ ಬೆರಳು, ಅದೂ ಇಲ್ಲದಿದ್ದರೆ ತೋಳಿನ ತುದಿ. ಮರುಮತದಾನಕ್ಕೂ, ಸೈನಿಕರ ಪರವಾಗಿ ಪ್ರಾಕ್ಸಿ ಮತ ಹಾಕುವವರಿಗೂ ಎಡಗೈ ನಡುಬೆರಳು. ಹತ್ತಿರ ಹತ್ತಿರ ಎರಡು ಚುನಾವಣೆ ಬಂದಾಗ ಬೇರೆ ಬೆರಳು ಸೂಚಿಸುವ ಆದೇಶ ಬರುವುದುಂಟು, ಮಸ್ಟರಿಂಗ್ ದಿನ ಆ ಹಾಳೆ ಓದಿಕೊಳ್ಳಿ. ಸಿಬ್ಬಂದಿಯ ಬೆರಳುಗಳ ಗತಿ ಮಾತ್ರ ಯಾವ ಆದೇಶದಲ್ಲೂ ಇಲ್ಲ. ಸಿಲ್ವರ್ ನೈಟ್ರೇಟ್ ಚರ್ಮ ಸುಡುವ ಗುಣದ್ದು, ದಿನವಿಡೀ ಸೋಕಿದರೆ ಉರಿ, ಸಿಪ್ಪೆ ಏಳುವುದು ಖಂಡಿತ ಆಶ್ಚರ್ಯವಲ್ಲ. ನಿಮ್ಮ ಬೆರಳಿನ ಗಾಯಕ್ಕೆ ತಾಗಿಸಿಕೊಳ್ಳಬೇಡಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ, ತೊಳೆಯದೆ ಊಟಕ್ಕೆ ಕೂರಬೇಡಿ.

ಬೇರೆ ಬಗೆಗಳ ಜೊತೆ ಹೋಲಿಸಿದರೆ? ಕೆಲವು ದೇಶಗಳಲ್ಲಿ ಬೆರಳನ್ನೇ ದೊಡ್ಡ ಶೀಶೆಯೊಳಗೆ ಅದ್ದಿಸುತ್ತಾರೆ. ಉಗುರು, ಬುಡ, ಚರ್ಮ ಎಲ್ಲಕ್ಕೂ ಒಂದೇ ಸಲಕ್ಕೆ ಹತ್ತುತ್ತದೆ, ಸಿಬ್ಬಂದಿಯ ಕೈಚಳಕ ಬೇಡ. ಆದರೆ ಶಾಯಿ ಹಲವು ಪಟ್ಟು ಬೇಕು, ಒದ್ದೆ ಬೆರಳುಗಳಿಂದ ನೀರು ಸೇರಿ ಸಂಜೆಗೆ ತೆಳುವಾಗುತ್ತದೆ. ಮಾರ್ಕರ್ ಪೆನ್ನು ಚೆಲ್ಲುವುದಿಲ್ಲ, ಮರಳಿನ ಡಬ್ಬಿಯೂ ಬೇಡ. ಅದರ ಅಪಾಯವೇ ಬೇರೆ: ನೋಡಲು ಎಲ್ಲ ಪೆನ್ನೂ ಒಂದೇ. 2004ರ ಅಕ್ಟೋಬರ್ 9ರಂದು ಅಫ್ಘಾನಿಸ್ತಾನದ ಅಧ್ಯಕ್ಷೀಯ ಚುನಾವಣೆಯಲ್ಲಿ ಕೆಲವು ಮತಗಟ್ಟೆಗಳಲ್ಲಿ ಅಳಿಸದ ಶಾಯಿಯ ಬದಲು ಸಾಮಾನ್ಯ ಮಾರ್ಕರ್ ಬಳಕೆಯಾಗಿ, ಗುರುತು ಉಜ್ಜಿದರೆ ಹೋಗುತ್ತದೆಂದು ವಿರೋಧಿ ಅಭ್ಯರ್ಥಿಗಳು ಮತದಾನದ ನಡುವೆಯೇ ಬಹಿಷ್ಕಾರ ಸಾರಿದರು. ಮಲೇಷ್ಯಾ 2008ರಲ್ಲಿ ಶಾಯಿ ತರಿಸಿಟ್ಟುಕೊಂಡೂ ಮತದಾನಕ್ಕೆ ಕೆಲವೇ ದಿನ ಮುಂಚೆ ಕೈಬಿಟ್ಟಿತು. 2013ರಲ್ಲಿ ಬಳಸಿದಾಗ ತೊಳೆದರೆ ಹೋಗುತ್ತದೆಂಬ ದೂರುಗಳ ಸುರಿಮಳೆ. ಬೆಳ್ಳಿ ಕಡಿಮೆ ಮಾಡಿ ಬಣ್ಣ ಹೆಚ್ಚು ಮಾಡಿದರೆ ಯಾವ ಶಾಯಿಯ ಹಣೆಬರಹವೂ ಅಷ್ಟೇ. ಹಾಗಂತ ಬೆಳ್ಳಿ ಏರಿಸುತ್ತಾ ಹೋದರೆ ಬೆಲೆಯೂ ಏರುತ್ತದೆ, ಚರ್ಮಕ್ಕೂ ಹಾನಿ. ಹತ್ತು ಮಿ.ಲೀ.ಯಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಬೆಳ್ಳಿ ಎಂದಿಟ್ಟುಕೊಂಡರೂ, ಬೆಳ್ಳಿ ದರ ಏರಿದಾಗ ಶೀಶೆಯ ದರ ಏಕೆ ಏರುತ್ತದೆಂದು ಗೊತ್ತಾಗುತ್ತದೆ.

ಒಂದು ಮಿತಿಯನ್ನು ಮರೆಯಬಾರದು. ಈ ಶಾಯಿ ತಡೆಯುವುದು ಒಂದೇ ಬೆರಳು ಎರಡು ಸಲ ಬರುವುದನ್ನು. ಇನ್ನೊಬ್ಬರ ಹೆಸರಿನಲ್ಲಿ ಮೊದಲ ಸಲ ಬರುವವನನ್ನು ಅಲ್ಲ, ಅದು ಮೊದಲನೇ ಪೋಲಿಂಗ್ ಅಧಿಕಾರಿ ಮತ್ತು ಏಜೆಂಟರ ಕೆಲಸ. ಮತಗಟ್ಟೆಯ ಹೊರಗೂ ಇದು ಬಳಕೆಯಾದದ್ದುಂಟು. 2016ರ ನವೆಂಬರಿನಲ್ಲಿ ನೋಟು ಬದಲಿಸಲು ಬಂದವರ ಬಲಗೈಗೆ ಇದೇ ಶಾಯಿ ಹಚ್ಚಲು ಹೊರಟಾಗ, ಎದುರಿದ್ದ ಚುನಾವಣೆಗಳಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದು ಆಯೋಗ ಹಣಕಾಸು ಸಚಿವಾಲಯಕ್ಕೆ ಬರೆಯಬೇಕಾಯಿತು. 2020ರಲ್ಲಿ ಕೋವಿಡ್ ಕಾರಣ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತಲೂ ಇಂಥ ಶಾಯಿ ಬಂತು.

ಅಂಕ ಕೊಡುವುದಾದರೆ ಶಾಯಿಗೆ ಐದಕ್ಕೆ ನಾಲ್ಕೂವರೆ, ಶೀಶೆಗೆ ಎರಡು. ಮತಗಟ್ಟೆಗೆ ಹೊರಡುವವರು ಚೀಲಕ್ಕೆ ಹಾಕಿಕೊಳ್ಳಬೇಕಾದದ್ದು: ಅಗಲ ತಳದ ಒಂದು ಸ್ಟೀಲ್ ಡಬ್ಬಿ, ಎರಡು ಹಳೆಯ ಹತ್ತಿ ಬಟ್ಟೆ ಚೂರು, ಮೇಜಿಗೆ ಹಾಸಲು ಒಂದು ದಿನಪತ್ರಿಕೆ. ಮುಗಿದ ಮೇಲೆ ಉಳಿದ ಶೀಶೆಯ ಮುಚ್ಚಳ ಬಿಗಿ ಮಾಡಿ, ನೇರವಾಗಿ ನಿಲ್ಲಿಸಿ, ಇತರ ಸಾಮಗ್ರಿಯಿಂದ ಬೇರೆಯಾಗಿ ಡಿಮಸ್ಟರಿಂಗ್ ಕೌಂಟರಿಗೆ (ಸಾಮಗ್ರಿ ಹಿಂದಿರುಗಿಸುವ ಕಡೆಗೆ) ಒಯ್ಯಿರಿ. 17ಎ ರಿಜಿಸ್ಟರಿನ ಜೊತೆ ಒಂದೇ ಚೀಲದಲ್ಲಿ ಮಾತ್ರ ಹಾಕಬೇಡಿ.