ಓಪನ್‌ಡಬ್ಲ್ಯುಆರ್‌ಟಿ, 3 ವರ್ಷ ಬಳಸಿದ ಮೇಲೆ: ಒಂದು ಸಾಧನದ ವೈರಸ್ ವೈಫೈ ಮೂಲಕ ಇನ್ನೊಂದಕ್ಕೆ ದಾಟದಂತೆ ಇದು ತಡೆಯುತ್ತದೆಯೇ?

ರೇಟಿಂಗ್: 5ಕ್ಕೆ 4
ಬಳಕೆ: ಫೈಬರ್ ಸಂಪರ್ಕದ ಮನೆ. 2 ವಿಂಡೋಸ್ ಲ್ಯಾಪ್‌ಟಾಪ್, 4 ಫೋನ್, ಒಂದು ಆಂಡ್ರಾಯ್ಡ್ ಟಿವಿ ಬಾಕ್ಸ್, 2 ಕ್ಯಾಮೆರಾ, ಒಂದು ಪ್ರಿಂಟರ್.

ರೂಟರಿಗೆ ಕಂಪನಿ ಹಾಕಿಕೊಟ್ಟ ತಂತ್ರಾಂಶವನ್ನು ತೆಗೆದು ಅದರ ಜಾಗದಲ್ಲಿ ಕೂರಿಸುವ ಉಚಿತ ಲಿನಕ್ಸ್ ಇದು. 2004ರಿಂದಲೂ ಇದೆ. ವೇಗಕ್ಕೆ, ಜಾಹೀರಾತು ತಡೆಯಲಿಕ್ಕೆ, ವಿಪಿಎನ್‌ಗೆ ಅಂತ ಜನ ಹಾಕಿಕೊಳ್ಳುತ್ತಾರೆ. ಇಲ್ಲಿ ನೋಡಿರುವುದು ಒಂದೇ ವಿಷಯ: ಮನೆಯ ಒಂದು ಸಾಧನಕ್ಕೆ ವೈರಸ್ ಬಂದರೆ ಉಳಿದವನ್ನು ಇದು ಕಾಪಾಡುತ್ತದೆಯೇ?

ಒಂದೇ ವೈಫೈನಲ್ಲಿ ಇದ್ದ ಮಾತ್ರಕ್ಕೆ ವೈರಸ್ ಅಂಟುವುದಿಲ್ಲ. ಅದು ದಾಟಬೇಕಾದರೆ ಎದುರಿನ ಸಾಧನದಲ್ಲಿ ಒಂದು ಪೋರ್ಟ್ (ಜಾಲದಿಂದ ಒಳಬರಲು ಇರುವ, ನಂಬರ್ ಹಾಕಿದ ಬಾಗಿಲು) ತೆರೆದಿರಬೇಕು, ಜೊತೆಗೆ ಆ ಪೋರ್ಟಿನ ಹಿಂದಿರುವ ತಂತ್ರಾಂಶದಲ್ಲಿ ದೋಷವೋ ಸುಲಭದ ಪಾಸ್‌ವರ್ಡೋ ಇರಬೇಕು. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ವೈರಸ್ ನುಗ್ಗಿದ್ದು ವಿಂಡೋಸ್ ಫೈಲ್ ಹಂಚಿಕೆಯ 445ನೇ ಪೋರ್ಟಿನಿಂದ. ಯಾರೂ ಏನನ್ನೂ ಕ್ಲಿಕ್ ಮಾಡುವ ಅಗತ್ಯವಿರಲಿಲ್ಲ. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಪರಿಹಾರ ಬಿಟ್ಟಿತ್ತು, ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. 2016ರ ಮಿರಾಯ್ ಎಂಬ ವೈರಸ್‌ಗೆ ದೋಷವೂ ಬೇಕಿರಲಿಲ್ಲ. 23 ಮತ್ತು 2323ನೇ ಪೋರ್ಟಿನಲ್ಲಿ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆಯ ದಾರಿ) ತೆರೆದಿಟ್ಟ ಕ್ಯಾಮೆರಾ, ರೂಟರುಗಳಿಗೆ ಸುಮಾರು 60 ಮಾಮೂಲಿ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು, ಅಷ್ಟೆ. 2018ರಲ್ಲಿ 5555ನೇ ಪೋರ್ಟ್ ತೆರೆದಿದ್ದ ಆಂಡ್ರಾಯ್ಡ್ ಬಾಕ್ಸ್‌ಗಳಿಗೂ ಇದೇ ಗತಿ ಬಂತು. ಅಪ್‌ಡೇಟ್ ಆಗಿರುವ ಫೋನುಗಳ ನಡುವೆ ಈ ದಾರಿ ಇಲ್ಲವೆಂದೇ ಹೇಳಬಹುದು. ಅವು ಹೊರಗಿನವರಿಗೆಂದು ತೆರೆದಿಡುವ ಪೋರ್ಟ್ ತೀರ ಕಡಿಮೆ, ಒಂದೊಂದು ಆ್ಯಪ್ ಕೂಡ ತನ್ನದೇ ಬೇಲಿಯೊಳಗೆ ಇರುತ್ತದೆ.

ಹಾಗಾಗಿ ಹೆದರಬೇಕಾದದ್ದು ಹಳೆಯ ಲ್ಯಾಪ್‌ಟಾಪ್, ಅಗ್ಗದ ಟಿವಿ ಬಾಕ್ಸ್, ಕ್ಯಾಮೆರಾಗಳಿಗೆ. ಇವನ್ನು ಉಳಿದ ಸಾಧನಗಳಿಂದ ದೂರ ಇಡುವುದರಲ್ಲೇ ಓಪನ್‌ಡಬ್ಲ್ಯುಆರ್‌ಟಿಯ ಬೆಲೆ ಇರುವುದು. ಹಳ್ಳಿ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ನಡುಮನೆ ಒಂದು, ಜಗಲಿ ಒಂದು, ಅಂದರೆ ಎರಡು ಬೇರೆ ಬೇರೆ ವೈಫೈ ಜಾಲ. ಫೋನು, ಕೆಲಸದ ಲ್ಯಾಪ್‌ಟಾಪು ನಡುಮನೆಗೆ. ಟಿವಿ ಬಾಕ್ಸ್, ಕ್ಯಾಮೆರಾ, ಪ್ರಿಂಟರ್, ಬಂದುಹೋಗುವವರ ಫೋನು ಜಗಲಿಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಅದರಲ್ಲೇ ಉಳಿದಿರುವ, ಅಪ್‌ಡೇಟ್ ಬಾರದ ಲ್ಯಾಪ್‌ಟಾಪ್ ಇದ್ದರೆ ಅದೂ ಜಗಲಿಗೇ.

ಬ್ರೌಸರಿನಲ್ಲಿ ತೆರೆಯುವ ರೂಟರಿನ ಅಡ್ಮಿನ್ ಪುಟದಲ್ಲಿ ಸೆಟ್ಟಿಂಗ್ ಹೀಗೆ. ಮೊದಲು ಡಿವೈಸಸ್ ಪುಟದಲ್ಲಿ ಜಗಲಿಗೆ ಹೊಸ ಬ್ರಿಡ್ಜ್ (ಸಾಧನಗಳನ್ನು ಒಂದೇ ಜಾಲಕ್ಕೆ ಸೇರಿಸುವ ಕೊಂಡಿ) ಮಾಡಿ. ಅದರ ಮೇಲೆ ಹೊಸ ಇಂಟರ್‌ಫೇಸ್ ಕೂರಿಸಿ, ವಿಳಾಸ 192.168.30.1 ಕೊಟ್ಟು ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆನ್ ಮಾಡಿ. ವೈರ್‌ಲೆಸ್ ಪುಟದಲ್ಲಿ ಎರಡನೆಯ ವೈಫೈ ಹೆಸರು ಸೇರಿಸಿ ಈ ಇಂಟರ್‌ಫೇಸಿಗೆ ಜೋಡಿಸಿ, 'ಐಸೊಲೇಟ್ ಕ್ಲೈಂಟ್ಸ್' ಟಿಕ್ ಮಾಡಿ. ಫೈರ್‌ವಾಲ್‌ನಲ್ಲಿ ಜಗಲಿಗೊಂದು ಹೊಸ ಜೋನ್ ಮಾಡಿ: ಇನ್‌ಪುಟ್ ರಿಜೆಕ್ಟ್, ಫಾರ್ವರ್ಡ್ ರಿಜೆಕ್ಟ್, ಔಟ್‌ಪುಟ್ ಆಕ್ಸೆಪ್ಟ್, ದಾಟಲು ಅನುಮತಿ ವ್ಯಾನ್‌ಗೆ (ಇಂಟರ್ನೆಟ್ ಕಡೆಗೆ) ಮಾತ್ರ. ನಡುಮನೆಯಿಂದ ಜಗಲಿಗೆ ಹೋಗಲು ಅನುಮತಿ ಕೊಡಿ, ಜಗಲಿಯಿಂದ ನಡುಮನೆಗೆ ಬೇಡ. ಕೊನೆಗೆ ಜಗಲಿಯಿಂದ ರೂಟರಿಗೆ ಎರಡು ವಿನಾಯಿತಿ: ಐಪಿ ವಿಳಾಸ ಪಡೆಯಲು ಯುಡಿಪಿ 67ನೇ ಪೋರ್ಟ್, ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಲು ಟಿಸಿಪಿ ಹಾಗೂ ಯುಡಿಪಿ 53.

ಬಹಳ ಜನ ಎಡವುವುದು ಈ ಕೊನೆಯ ಎರಡರಲ್ಲಿ. 67 ಮರೆತರೆ ಫೋನು 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂಬಲ್ಲೇ ನಿಂತುಬಿಡುತ್ತದೆ. 53 ಮರೆತರೆ ವೈಫೈ ಸಿಕ್ಕಿದೆ ಅನ್ನುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಎರಡೂ ಸಲ ಪಾಸ್‌ವರ್ಡ್ ತಪ್ಪೇನೋ ಅಂತ ಅನುಮಾನ ಬರುತ್ತದೆ, ಆದರೆ ತಪ್ಪು ಫೈರ್‌ವಾಲ್‌ನಲ್ಲಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ, ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ನಮ್ಮಲ್ಲಿ ಫೈಬರ್ ಕಂಪನಿ ಕೊಡುವ ಒಎನ್‌ಟಿ ಡಬ್ಬಿ (ಫೈಬರ್ ತಂತಿ ಬಂದು ಸೇರುವ ಡಬ್ಬಿ) ತಾನೇ ರೂಟರ್ ಆಗಿರುತ್ತದೆ, ವಿಳಾಸ ಸಾಮಾನ್ಯವಾಗಿ 192.168.1.1. ಓಪನ್‌ಡಬ್ಲ್ಯುಆರ್‌ಟಿಗೂ ಮೊದಲಿನಿಂದ ಇರುವ ವಿಳಾಸ ಅದೇ, ಹಾಗಾಗಿ ಮೊದಲ ದಿನವೇ ಜಗಳ. ಇದನ್ನು 192.168.10.1ಕ್ಕೆ ಬದಲಿಸಿದರೆ ಆ ಜಗಳ ಮುಗಿಯುತ್ತದೆ, ಆದರೆ ಅಪಾಯ ಉಳಿದೇ ಇರುತ್ತದೆ. ನಮ್ಮ ರೂಟರಿನ ಲೆಕ್ಕದಲ್ಲಿ ಆ ಡಬ್ಬಿ ವ್ಯಾನ್ ಕಡೆ ಇದೆ, ಜಗಲಿಗೆ ವ್ಯಾನ್ ದಾಟಲು ನಾವೇ ಅನುಮತಿ ಕೊಟ್ಟಿದ್ದೇವೆ. ಅಂದರೆ ಕೆಟ್ಟ ಟಿವಿ ಬಾಕ್ಸ್ ಒಂದು ಒಎನ್‌ಟಿಯ ಅಡ್ಮಿನ್ ಪುಟವನ್ನು, ಅದರ ವೈಫೈಗೆ ಸೇರಿದ ಸಾಧನಗಳನ್ನು ಆರಾಮಾಗಿ ತಟ್ಟಬಹುದು. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿಗೆ) ಹಾಕಿಸಿಕೊಳ್ಳುವುದೇ ಸರಿಯಾದ ಪರಿಹಾರ. ಕಂಪನಿಯವರು ಒಪ್ಪದಿದ್ದರೆ ಡಬ್ಬಿಯ ವೈಫೈ ಆಫ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಜಗಲಿಯಿಂದ ವ್ಯಾನ್ ಕಡೆಯ 192.168.0.0/16ಕ್ಕೆ (192.168ರಿಂದ ಶುರುವಾಗುವ ಎಲ್ಲ ವಿಳಾಸಗಳಿಗೆ) ಹೋಗುವುದನ್ನೆಲ್ಲ ರಿಜೆಕ್ಟ್ ಮಾಡುವ ಒಂದು ಟ್ರಾಫಿಕ್ ರೂಲ್ ಸೇರಿಸಿ. ಇಂಟರ್ನೆಟ್‌ಗೆ ಏನೂ ತೊಂದರೆಯಾಗುವುದಿಲ್ಲ.

'ಐಸೊಲೇಟ್' ಟಿಕ್‌ನಲ್ಲೂ ಒಂದು ಮಿತಿ ಇದೆ. ಅದು ಬೇರೆ ಮಾಡುವುದು ಒಂದೇ ರೇಡಿಯೋದಲ್ಲಿರುವ ಸಾಧನಗಳನ್ನು. ಜಗಲಿಯನ್ನು 2.4 ಮತ್ತು 5 ಗಿಗಾಹರ್ಟ್ಜ್ ಎರಡರಲ್ಲೂ ಹಾಕಿದರೆ ಈ ಕಡೆಯ ಸಾಧನ ಬ್ರಿಡ್ಜ್ ಮೂಲಕ ಆ ಕಡೆಯದನ್ನು ತಲುಪಬಹುದು. ಕ್ಯಾಮೆರಾ, ಬಲ್ಬುಗಳಿಗೆ ಹೇಗೂ 2.4 ಸಾಕು, ಅದರಲ್ಲೊಂದೇ ಇಡಿ. ಜಗಲಿಯ ವೈಫೈ ಭದ್ರತೆಗೆ ಡಬ್ಲ್ಯುಪಿಎ 2 ಇರಲಿ, ಹಳೆಯ ಕ್ಯಾಮೆರಾಗಳು 2 ಮತ್ತು 3 ಸೇರಿದ ಮಿಶ್ರ ಮೋಡ್‌ನಲ್ಲಿ ಸೇರಲು ತಕರಾರು ಮಾಡುತ್ತವೆ. ನಡುಮನೆಗೆ ಡಬ್ಲ್ಯುಪಿಎ 3. ಪಾಸ್‌ವರ್ಡ್ ಎರಡಕ್ಕೂ ಬೇರೆ ಬೇರೆ, ಉದ್ದವಾಗಿರಲಿ. 2020ರಲ್ಲಿ ಪತ್ತೆಯಾದ, ಎಮೋಟೆಟ್ ಎಂಬ ವೈರಸ್‌ನ ಒಂದು ಭಾಗ ಸೋಂಕಾದ ಲ್ಯಾಪ್‌ಟಾಪಿನಿಂದ ಅಕ್ಕಪಕ್ಕದ ವೈಫೈಗಳ ಪಾಸ್‌ವರ್ಡನ್ನೇ ಊಹಿಸಿ ಒಳಗೆ ಬರುತ್ತಿತ್ತು.

ಪರೀಕ್ಷೆ ಮಾಡದೆ ನಂಬಬೇಡಿ. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆದೇಶದಿಂದ ಎದುರಿನ ಲ್ಯಾಪ್‌ಟಾಪಿನ 445ನೇ ಪೋರ್ಟ್ ತಟ್ಟಿ ನೋಡಬಹುದು. ಮೊದಲು ನಡುಮನೆಯಿಂದ ತಟ್ಟಿ 'ಟ್ರೂ' ಬರುವಂತೆ ಮಾಡಿಕೊಳ್ಳಿ, ಆಮೇಲೆ ತಟ್ಟುವ ಯಂತ್ರವನ್ನು ಜಗಲಿಗೆ ಸೇರಿಸಿ ಮತ್ತೆ ತಟ್ಟಿ. ಆಗ ಬರುವ 'ಫಾಲ್ಸ್' ರೂಟರಿನದೇ ಕೆಲಸ ಎನ್ನಬೇಕಾದರೆ ಪರೀಕ್ಷೆಯಷ್ಟು ಹೊತ್ತು ಎದುರಿನ ಲ್ಯಾಪ್‌ಟಾಪಿನ ವಿಂಡೋಸ್ ಫೈರ್‌ವಾಲ್ ಆಫ್ ಇರಬೇಕು, ಇಲ್ಲದಿದ್ದರೆ ಬೇರೆ ಜಾಲದಿಂದ ತಟ್ಟುವುದನ್ನು ಅದು ತಾನೇ ತಡೆಯುವುದುಂಟು. ಎರಡೂ ಸಲ 'ಫಾಲ್ಸ್' ಬಂದರೆ ತಡೆದದ್ದು ಬಹುಶಃ ವಿಂಡೋಸ್ ಫೈರ್‌ವಾಲ್, ನಿಮ್ಮ ಸೆಟ್ಟಿಂಗ್ ಅಲ್ಲ. ಪರೀಕ್ಷೆ ಮುಗಿದ ಮೇಲೆ ಫೈರ್‌ವಾಲ್ ಮತ್ತೆ ಆನ್ ಮಾಡಿ, ಲ್ಯಾಪ್‌ಟಾಪಿನ ವೈಫೈ ಪ್ರೊಫೈಲನ್ನು 'ಪಬ್ಲಿಕ್'ಗೆ ಬದಲಿಸಿ. ಹತ್ತು ಸೆಕೆಂಡಿನ ಕೆಲಸ, ಯಾವ ರೂಟರ್ ಇದ್ದರೂ ಉಪಯೋಗಕ್ಕೆ ಬರುತ್ತದೆ.

ದಿನಬಳಕೆಯಲ್ಲಿ ಕಾಡುವುದು ಟಿವಿ. ನಡುಮನೆಯ ಫೋನಿಗೆ ಜಗಲಿಯ ಟಿವಿ ಬಾಕ್ಸ್ ಕಾಣುವುದೇ ಇಲ್ಲ, ಹುಡುಕಾಟದ ಸಂದೇಶ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಅವಾಹಿ ಪ್ಯಾಕೇಜ್ ಹಾಕಿ ಅದರ ರಿಫ್ಲೆಕ್ಟರ್ (ಹುಡುಕಾಟದ ಸಂದೇಶವನ್ನು ಆಚೆ ದಾಟಿಸುವ ಸೌಲಭ್ಯ) ಆನ್ ಮಾಡಿ, ಯುಡಿಪಿ 5353ಕ್ಕೆ ವಿನಾಯಿತಿ ಕೊಟ್ಟರೆ ಕಾಣುತ್ತದೆ. ಆಮೇಲೂ ಯೂಟ್ಯೂಬ್ ಟಿವಿಗೆ ಹೋಗುತ್ತದೆ, ಫೋನಿನಲ್ಲಿರುವ ಮದುವೆ ಫೋಟೋ ಹೋಗದಿರಬಹುದು. ಯೂಟ್ಯೂಬನ್ನು ಟಿವಿ ನೇರ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ, ಫೋಟೋ ಬೇಕಾದರೆ ಜಗಲಿಯಿಂದ ನಡುಮನೆಯ ಫೋನಿಗೆ ಬರಬೇಕು. ಅದನ್ನು ತಡೆಯಲೆಂದೇ ಇಷ್ಟೆಲ್ಲ ಮಾಡಿದ್ದು. ಫೋಟೋಗೆ ಎಚ್‌ಡಿಎಂಐ ಕೇಬಲ್ ಬಳಸಿ, ರೂಲ್ ಸಡಿಲಿಸಬೇಡಿ. ಪ್ರಿಂಟರಿಗೆ ಕಾಯಂ ಐಪಿ ಕೊಟ್ಟು ಲ್ಯಾಪ್‌ಟಾಪಿನಲ್ಲಿ ಆ ವಿಳಾಸದಿಂದಲೇ ಸೇರಿಸಿದರೆ ಸಾಕು.

ಒಂದು ಅಂಕ ಕಳೆದದ್ದು ಅಪ್‌ಡೇಟ್‌ಗೆ. ತಾನಾಗಿ ಆಗುವುದಿಲ್ಲ, ನೆನಪಿಟ್ಟು ಹಾಕಬೇಕು. ಬರೀ ಸಿಸ್‌ಅಪ್‌ಗ್ರೇಡ್ (ಹೊಸ ಆವೃತ್ತಿ ಬರೆಯುವ ಮಾಮೂಲಿ ದಾರಿ) ಮಾಡಿದರೆ ಸೆಟ್ಟಿಂಗ್ ಉಳಿಯುತ್ತದೆ, ಆದರೆ ಮೇಲೆ ಹೇಳಿದ ಅವಾಹಿಯಂಥ ಪ್ಯಾಕೇಜುಗಳು ಹೋಗುತ್ತವೆ. ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಬಳಸಿದರೆ ಅವೂ ಸೇರಿಕೊಂಡೇ ಬರುತ್ತವೆ. ತಂತ್ರಾಂಶ ಬರೆಯುವ ಎರಡು ಮೂರು ನಿಮಿಷದಲ್ಲಿ ಕರೆಂಟ್ ಹೋದರೆ ರೂಟರ್ ಏಳದೆ ಹೋಗಬಹುದು, ಹಾಗಾಗಿ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಇದರ ಕೈಯಲ್ಲಿ ಆಗದ ಕೆಲಸಗಳೂ ಇವೆ. ಪೆನ್‌ಡ್ರೈವ್‌ನಲ್ಲಿ ಬರುವುದನ್ನು, ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಆರ್‌ಟಿಒ ಚಲನ್ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ಇದು ತಡೆಯುವುದಿಲ್ಲ. ಜಗಲಿಯ ಟಿವಿ ಬಾಕ್ಸ್‌ಗೆ ಕಾರ್ಖಾನೆಯಲ್ಲೇ ಸೋಂಕು ತಗುಲಿದ್ದರೆ (2025ರಲ್ಲಿ ಎಫ್‌ಬಿಐ ಎಚ್ಚರಿಸಿದ ಬ್ಯಾಡ್‌ಬಾಕ್ಸ್ 2.0 ಅಂಥದ್ದು) ಅದು ಮನೆಯೊಳಗೆ ಬರಲಾರದು, ಆದರೆ ನಿಮ್ಮ ಸಂಪರ್ಕ ಬಳಸಿ ಹೊರಗಿನವರಿಗೆ ಕಾಟ ಕೊಡುತ್ತಲೇ ಇರುತ್ತದೆ. ಅಂಥ ಬಾಕ್ಸನ್ನು ಎಸೆಯುವುದೇ ದಾರಿ. ಲ್ಯಾಪ್‌ಟಾಪ್ ಮೇಲೆ ಅನುಮಾನವಿದ್ದರೆ ವೈಫೈನಿಂದ ಕಿತ್ತು ಪೂರ್ತಿ ಸ್ಕ್ಯಾನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದಕ್ಕೆ ಉಚಿತ ಉಪಕರಣಗಳನ್ನು ಕೊಡುತ್ತಿದೆ.

ರೂಟರ್ ಕೊಳ್ಳುವವರಿಗೆ: 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆಯದು ಬೇಡ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಬಿಟ್ಟುಬಿಡಿ, ಮೀಡಿಯಾಟೆಕ್ ಇದ್ದರೆ ಒಳ್ಳೆಯದು. ಒಂದೇ ಮಾಡೆಲ್ ಹೆಸರಿನಲ್ಲಿ ಒಳಗಿನ ಚಿಪ್ ಬೇರೆ ಇರುವುದುಂಟು. ಡಬ್ಬಿಯ ಅಡಿಯ ಚೀಟಿಯಲ್ಲಿ 'ವಿ 1', 'ವಿ 2' ಅಂತ ಇರುವ ಆವೃತ್ತಿಯನ್ನು ಓಪನ್‌ಡಬ್ಲ್ಯುಆರ್‌ಟಿಯ ಹಾರ್ಡ್‌ವೇರ್ ಪಟ್ಟಿಗೆ ತಾಳೆ ನೋಡಿಯೇ ದುಡ್ಡು ಕೊಡಿ. ಹೊಸದಾಗಿ ಹಾಕಿದಾಗ ವೈಫೈ ಆಫ್ ಇರುತ್ತದೆ, ಪಾಸ್‌ವರ್ಡ್ ಖಾಲಿ ಇರುತ್ತದೆ. ಒಂದು ಲ್ಯಾನ್ ಕೇಬಲ್ ಜೊತೆಗಿಟ್ಟುಕೊಂಡು ಕೂರಿ, ಪಾಸ್‌ವರ್ಡ್ ಹಾಕುವವರೆಗೆ ಒಎನ್‌ಟಿಯ ಕೇಬಲ್ ಚುಚ್ಚಬೇಡಿ.