ಮೂರು ವರ್ಷದ ಟರ್ನ್ ಟೇಬಲ್, ಮೂರು ಸಲ ಹೋದ ಕೊಕ್ಕೆ

ನನ್ನ ಹತ್ತಿರ ಹಾರ್ಸ್ (ಟ್ರೇಲರ್ ಎಳೆಯುವ ಮುಂದಿನ ಲಾರಿ) ಒಂದು, ಟ್ರೇಲರ್ ಎರಡು. ಒಂದು ಟ್ರೇಲರ್ ಲೋಡ್ ಆಗುತ್ತಿದ್ದರೆ ಇನ್ನೊಂದು ರೋಡಲ್ಲಿ. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಕಂಟೇನರ್ ಎಳೆಯೋದೇ ಕೆಲಸ. ಹಾಗಾಗಿ ಬಿಚ್ಚೋದು, ಕಟ್ಟೋದು ಜಾಸ್ತಿ.

ಟರ್ನ್ ಟೇಬಲ್ ಅಂದರೆ ಹಾರ್ಸಿನ ಬೆನ್ನ ಮೇಲಿರುವ ದೊಡ್ಡ ಕಬ್ಬಿಣದ ತಟ್ಟೆ, ಟ್ರೇಲರ್ ಕೂತು ಲಾಕ್ ಆಗೋದು ಅದರ ಮೇಲೆ. ನನ್ನ ಹಳೇದು ಸವೆದು ಹೋಗಿತ್ತು. ಬ್ರೇಕ್ ಹಿಡಿದಾಗೆಲ್ಲ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಶಿರಾಡಿ ಘಾಟಿ ಇಳಿಯುವಾಗ ಆ ಗುದ್ದು ಬಿದ್ದರೆ ಎದೆ ಧಸಕ್ಕನ್ನುತ್ತಿತ್ತು. 2022ರಲ್ಲಿ ಕೈಸಾಲ ಮಾಡಿ ಹೊಸದು ಹಾಕಿಸಿದೆ. ಕಂಪನಿ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಗುದ್ದು ಅವತ್ತೇ ನಿಂತಿತು. ಆದರೆ ನಾನು ಮೆಚ್ಚಿದ್ದು ಅದರ ಲಾಕಿನ ಹ್ಯಾಂಡಲ್‌ ಅನ್ನು. ಟ್ರೇಲರಿನ ಕಿಂಗ್ ಪಿನ್, ಅಂದರೆ ಅದರ ಮೂತಿಯ ಕೆಳಗಿರುವ ದಪ್ಪ ಕಬ್ಬಿಣದ ಗೂಟ, ಸರಿಯಾಗಿ ಒಳಗೆ ಕೂತು ಲಾಕ್ ಆದರೆ ಮಾತ್ರ ಹ್ಯಾಂಡಲ್ ತಾನಾಗಿ ಪೂರ್ತಿ ಒಳಗೆ ಹೋಗುತ್ತದೆ. ಆಗ ಅದರಲ್ಲಿರುವ ತೂತು ಈಚೆ ಸಿಗುತ್ತದೆ, ಅದಕ್ಕೆ ಸರಪಳಿಯ ತುದಿಯ ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಬೇಕು. ಲಾಕ್ ಅರ್ಧ ಆಗಿದ್ದರೆ ಹ್ಯಾಂಡಲ್ ಹೊರಗೇ ನಿಲ್ಲುತ್ತದೆ, ಕೊಕ್ಕೆ ಹೋಗೋದೇ ಇಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಬರೀ ಕೈ ಆಡಿಸಿದರೂ ಗೊತ್ತಾಗುತ್ತದೆ.

ನಾನು ಕಟ್ಟುವ ಕ್ರಮ ಹೀಗೆ. ಗಾಡಿ ನೇರ ಮಾಡಿಕೊಂಡು ರಿವರ್ಸ್ ಬರುತ್ತೇನೆ. ಟ್ರೇಲರಿಗೆ ಒಂದು ಮಾರು ಇರುವಾಗ ನಿಲ್ಲಿಸಿ ಇಳಿದು ಎತ್ತರ ನೋಡುತ್ತೇನೆ. ಟ್ರೇಲರಿನ ಮೂತಿ ಚೂರು ತಗ್ಗಿರಬೇಕು, ಟರ್ನ್ ಟೇಬಲ್ ಅದನ್ನು ಕೆಳಗಿನಿಂದ ಎತ್ತಿಕೊಂಡೇ ಒಳಗೆ ಹೋಗಬೇಕು. ಮೂತಿ ಎತ್ತರ ಇದ್ದರೆ ಪಿನ್ ಲಾಕಿನ ಮೇಲೇ ಕೂರುತ್ತದೆ. ಮೆಲ್ಲಗೆ ಹಿಂದೆ ಬಂದಾಗ 'ಟಕ್' ಅಂತ ಒಂದು ಸದ್ದು. ಆ ಸದ್ದನ್ನು ನಂಬಬೇಡಿ! ಟ್ರೇಲರ್ ಬ್ರೇಕ್ ಹಿಡಿದಿರುವಾಗಲೇ ಫಸ್ಟ್ ಗೇರಿನಲ್ಲಿ ಎರಡು ಸಲ ಸಣ್ಣಗೆ ಎಳೆದು ನೋಡುತ್ತೇನೆ. ಆಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗುವುದು. ಟರ್ನ್ ಟೇಬಲ್ಲಿಗೂ ಟ್ರೇಲರಿನ ಪ್ಲೇಟಿಗೂ ನಡುವೆ ಬೆಳಕು ಕಾಣಬಾರದು, ಲಾಕು ಪಿನ್ನಿನ ಕತ್ತನ್ನು ಹಿಡಿದಿರಬೇಕು. ಕೊಕ್ಕೆ ಹಾಕಿ, ಬ್ರೇಕಿನ ಕೆಂಪು ಹಳದಿ ಏರ್ ಪೈಪು, ಕರೆಂಟ್ ವೈರು ಕೊಟ್ಟು, ಕಟ್ಟಕಡೆಗೆ ಟ್ರೇಲರಿನ ಕಾಲು (ಬಿಚ್ಚಿಟ್ಟಾಗ ಅದರ ಮೂತಿಯನ್ನು ಹೊರುವುದು) ಎತ್ತುವುದು. ಬೀಡಿ ಸೇದುವವರು ಒಂದು ಬೀಡಿ ಮುಗಿಸುವಷ್ಟು ಹೊತ್ತು, ಅಷ್ಟೇ.

ಇಷ್ಟು ಹೊಗಳಿದ್ದಾಯಿತು. ಇನ್ನು ಆ ಕೊಕ್ಕೆಯ ಕಥೆ ಕೇಳಿ. ಮೊದಲ ಮಳೆಗಾಲದಲ್ಲೇ ಸ್ಪ್ರಿಂಗ್ ತುಕ್ಕು ಹಿಡಿದು ಬಾಯಿ ಬಿಟ್ಟುಕೊಂಡಿತು. ಕರಾವಳಿ ಮಳೆ, ಉಪ್ಪು ಗಾಳಿ, ಅದು ಅವರಿಗೆ ಗೊತ್ತಿರಬೇಕಲ್ವಾ? ಡೀಲರ್ ಒಂದು ಸಲ ಸುಮ್ನೆ ಕೊಟ್ಟ. ಎರಡನೇದು ಎಂಟು ತಿಂಗಳಿಗೆ ರೋಡಲ್ಲೇ ಎಲ್ಲೋ ಬಿದ್ದುಹೋಯಿತು. ಮೂರನೇದಕ್ಕೆ ಹೋದರೆ "ಕೊಕ್ಕೆ ಒಂದೇ ಬರಲ್ಲ, ಹ್ಯಾಂಡಲ್ ಸೆಟ್ಟೇ ತಗೋಬೇಕು" ಅಂದರು. ಜಗಳ ಆಡಿ ಹಳೇ ಸೆಟ್ಟಿನದೊಂದು ಕಿತ್ತುಕೊಂಡು ಬಂದೆ. ಅದೂ ಹೋಯಿತು. ಅಷ್ಟು ದೊಡ್ಡ ಕಬ್ಬಿಣದ ತಟ್ಟೆ ಮಾಡುವವರಿಗೆ ಬೆರಳುದ್ದದ ಕೊಕ್ಕೆ ನೆಟ್ಟಗೆ ಮಾಡೋಕೆ ಬರಲ್ಲ.

ಆಮೇಲೆ ನಾವು ಎಲ್ಲರ ಹಾಗೆ ಕಟ್ಟುವ ತಂತಿ ಸುತ್ತಲು ಶುರು ಮಾಡಿದೆವು. ತಪ್ಪು ಮಾಡಿದ್ದು ಅಲ್ಲೇ. ಕೊಕ್ಕೆ ಲಾಕ್ ಆದರಷ್ಟೇ ಕೂರುತ್ತದೆ. ತಂತಿಗೆ ಏನು, ಹ್ಯಾಂಡಲ್ ಎಲ್ಲಿದ್ದರೂ ಸುತ್ತಬಹುದು.

ಹೋದ ಜುಲೈ, ಬೈಕಂಪಾಡಿಯ ಒಂದು ಯಾರ್ಡು, ರಾತ್ರಿ ಹನ್ನೊಂದು. ಜೋರು ಮಳೆ. ಹಾರ್ಸಿನ ಹಿಂದಿನ ಚಕ್ರ ನೀರು ತುಂಬಿದ ಹೊಂಡದಲ್ಲಿತ್ತು, ನನಗೆ ಕಾಣಲಿಲ್ಲ. ಟಕ್ ಅನ್ನೋ ಸದ್ದು ಬಂತು. ಕ್ಲೀನರ್ ಹುಡುಗ "ಆಯ್ತಣ್ಣ, ಕಟ್ಟಿದೆ" ಅಂದ. ಎಳೆದು ನೋಡಿದೆ. ಹಾರ್ಸ್ ಒಂದೇ ಸಲೀಸಾಗಿ ಮುಂದೆ ಬಂತು, 20 ಟನ್ ಹೊತ್ತ ಟ್ರೇಲರ್ ತನ್ನ ಕಾಲ ಮೇಲೆ ಅಲ್ಲೇ ನಿಂತಿತ್ತು. ಹೊಂಡದಲ್ಲಿ ಹಾರ್ಸ್ ತಗ್ಗಿದ್ದಕ್ಕೆ ಪಿನ್ ಒಳಗೆ ಬಂದೇ ಇರಲಿಲ್ಲ. ಹ್ಯಾಂಡಲ್ ಇಷ್ಟುದ್ದ ಹೊರಗಿತ್ತು, ಅದಕ್ಕೇ ಹುಡುಗ ತಂತಿ ಚೆಂದವಾಗಿ ಸುತ್ತಿದ್ದ. ಪೈಪು ಇನ್ನೂ ಕೊಟ್ಟಿರಲಿಲ್ಲ, ಕಾಲು ಎತ್ತಿರಲಿಲ್ಲ. ಎತ್ತಿದ್ದರೆ ಮೂತಿ ನೆಲಕ್ಕೆ. ಹುಡುಗನಿಗೆ ಬೈಯಲು ಬಾಯಿ ಬರಲಿಲ್ಲ, ತಂತಿ ಕೊಡಿಸಿದ್ದು ನಾನೇ ಅಲ್ವಾ.

ಮಾರನೇ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ತೂತಿನ ಅಳತೆಗೆ ಸ್ಟೀಲಿನ ಸ್ಪ್ರಿಂಗ್ ಕೊಕ್ಕೆ ನಾಲ್ಕು ತಂದೆ. ಒಂದು ವರ್ಷ ಆಯಿತು, ಮೊದಲನೇದೇ ನಡೆಯುತ್ತಿದೆ.

ಟರ್ನ್ ಟೇಬಲ್ ಮಟ್ಟಿಗೆ ಈಗಲೂ ದೂರಿಲ್ಲ. 15 ದಿನಕ್ಕೊಮ್ಮೆ ಹಳೇ ಗ್ರೀಸ್ ಕೆರೆದು ಹೊಸದು ಬಳಿಯುತ್ತೇನೆ. ಒಣಗಿದರೆ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಈಗ ಒಂದು ಟ್ರೇಲರಿನಲ್ಲಿ ಮತ್ತೆ ಸಣ್ಣ ಗುದ್ದು ಶುರುವಾಗಿದೆ. ಮೇಸ್ತ್ರಿ ಅಳೆದು, ಇದು ಟರ್ನ್ ಟೇಬಲ್ ತಪ್ಪಲ್ಲ, ನಿಮ್ಮ ಕಿಂಗ್ ಪಿನ್ನೇ ಸವೆದಿದೆ ಅಂದ. ಎರಡು ಇಂಚಿನ ಪಿನ್ ಹೊಸದರಲ್ಲಿ 50.8 ಮಿ.ಮೀ. ಇರುತ್ತದೆ, 49ಕ್ಕೆ ಇಳಿದರೆ ಬದಲಿಸಬೇಕಂತೆ. ನನ್ನದು 49.3. ದೀಪಾವಳಿ ಬಾಡಿಗೆ ದುಡ್ಡು ಬಂದ ಮೇಲೆ ಆ ಕೆಲಸ.