ಬಿಸಿಲುನಾಡಿನ ಕಾಮಗಾರಿಗೆ ಯಾವ ಹೆಲ್ಮೆಟ್? ನಾಲ್ಕು ಬಗೆಗಳ ಹೋಲಿಕೆ

ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಈ ಕಾರಣಕ್ಕಾಗಿಯೇ ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಟ್ಟಡದ ಕೆಲಸಗಾರರಿಗೆ ಅಂಥ ಅನುಕೂಲ ಸಿಗುವುದು ಅಪರೂಪ. ಸ್ಲ್ಯಾಬಿನ ಮೇಲೆ ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಹೊರಗೋಡೆಗೆ ಗಾರೆ ಹಾಕುವ ಗೌಂಡಿಗಳು ನೆರಳಿಲ್ಲದ ಜಾಗದಲ್ಲೇ ದಿನ ಕಳೆಯುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬೊಬ್ಬರಾಗಿ ಹೆಲ್ಮೆಟ್ ತೆಗೆದು ಬದಿಗಿಡುತ್ತಾರೆ. ತಲೆಯ ಮೇಲೆ ಉಳಿಯದ ಹೆಲ್ಮೆಟ್ ಎಷ್ಟು ಗಟ್ಟಿಯಾಗಿದ್ದರೂ ಯಾರನ್ನೂ ಕಾಪಾಡುವುದಿಲ್ಲವಾದ್ದರಿಂದ, ಕಲಬುರಗಿಯ ಹೊರವಲಯದಲ್ಲಿ ನಾನು ಮೇಲ್ವಿಚಾರಣೆ ಮಾಡುತ್ತಿರುವ ಕಾಮಗಾರಿಯಲ್ಲಿ ಈ ಬೇಸಿಗೆಯುದ್ದಕ್ಕೂ ನಾಲ್ಕು ಬಗೆಯ ಹೆಲ್ಮೆಟ್‌ಗಳನ್ನು ನಾನೂ ಧರಿಸಿ, ಕೆಲಸಗಾರರಿಗೂ ಸರದಿಯ ಮೇಲೆ ಕೊಟ್ಟು ನೋಡಿದೆ. ಯಾವುದು ಮಧ್ಯಾಹ್ನದವರೆಗೂ ತಲೆಯ ಮೇಲೆ ಉಳಿಯುತ್ತದೆ ಎಂಬುದೇ ನನ್ನ ಮುಖ್ಯ ಅಳತೆಗೋಲಾಗಿತ್ತು.

ಮೊದಲನೆಯದು ಎಲ್ಲ ಕಡೆಯೂ ಕಾಣುವ, ಎಚ್‌ಡಿಪಿಇ ಪ್ಲಾಸ್ಟಿಕ್ಕಿನ, ಕಿಂಡಿಗಳಿಲ್ಲದ ಹಳದಿ ಹೆಲ್ಮೆಟ್. ಇದರ ಹಿಂಬದಿಯ ಪಟ್ಟಿಯನ್ನು ತೂತಿಗೆ ಗುಂಡಿ ಸಿಕ್ಕಿಸಿ ಬಿಗಿಮಾಡಬೇಕು. ಎರಡನೆಯದು ಎಬಿಎಸ್ ಪ್ಲಾಸ್ಟಿಕ್ಕಿನ, ನೆತ್ತಿಯ ಎರಡೂ ಬದಿಗೆ ಗಾಳಿಕಿಂಡಿಗಳಿರುವ, ಹಿಂದೆ ರ‍್ಯಾಚೆಟ್ ಎಂಬ ಹಲ್ಲುಗುಂಡಿಯನ್ನು ತಿರುಗಿಸಿ ಬಿಗಿಮಾಡುವ ಬಿಳಿ ಹೆಲ್ಮೆಟ್. ಮೂರನೆಯದು ಪರ್ವತಾರೋಹಿಗಳ ಶಿರಸ್ತ್ರಾಣದ ಮಾದರಿಯಲ್ಲಿ ಬಂದಿರುವ, ಮುಂಚಾಚು ಬಹಳ ಗಿಡ್ಡವಾಗಿರುವ, ಕಿಂಡಿಗಳನ್ನು ಜಾರುಮುಚ್ಚಳದಿಂದ ತೆರೆದು ಮುಚ್ಚಬಹುದಾದ ಹೆಲ್ಮೆಟ್. ಪೆಟ್ಜಲ್ ಕಂಪನಿಯ ವರ್ಟೆಕ್ಸ್ ವೆಂಟ್ ಈ ಬಗೆಯದು. ನಾಲ್ಕನೆಯದು ಸುತ್ತಲೂ ಅಗಲ ಅಂಚಿರುವ, ಕಿಂಡಿಗಳಿಲ್ಲದ ಬಿಳಿ ಹೆಲ್ಮೆಟ್.

ಹಳದಿ ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅದು ಅಗ್ಗ, ಹಗುರ, ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಅದರ ಬೆವರುಪಟ್ಟಿ ತೆಳುವಾದ ರೆಕ್ಸಿನ್ನಿನದಾಗಿದ್ದು ಬೆವರನ್ನು ಹೀರುವುದಿಲ್ಲ. ಬೆವರು ನೇರವಾಗಿ ಕಣ್ಣಿಗಿಳಿಯುತ್ತದೆ. ತೂತು-ಗುಂಡಿಯ ಪಟ್ಟಿಯನ್ನು ಸರಿಪಡಿಸಲು ಹೆಲ್ಮೆಟ್ ತೆಗೆಯಲೇಬೇಕು, ಕೈಯಲ್ಲಿ ಕೈಗವಸಿದ್ದರೆ ಅದನ್ನೂ ಕಳಚಬೇಕು. ಹೀಗಾಗಿ ಯಾರೂ ಸರಿಪಡಿಸಿಕೊಳ್ಳುವುದಿಲ್ಲ, ಸಡಿಲವಾದ ಹೆಲ್ಮೆಟ್ ಬಗ್ಗಿದಾಗಲೆಲ್ಲ ಜಾರುತ್ತದೆ, ಕೊನೆಗೆ ಕಂಬಿಗಳ ಮೇಲೆ ಹೋಗಿ ಕೂರುತ್ತದೆ.

ಗಾಳಿಕಿಂಡಿಗಳಿರುವ ಎರಡನೆಯ ಬಗೆಯನ್ನು ಧರಿಸಿದ ಮೊದಲ ಗಂಟೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಆದರೆ ಆ ವ್ಯತ್ಯಾಸಕ್ಕೆ ಕಿಂಡಿಗಳೊಂದೇ ಕಾರಣವೆಂದು ತಿಳಿಯುವುದು ಸರಿಯಲ್ಲ. ಕೈಗಾರಿಕಾ ಹೆಲ್ಮೆಟ್‌ಗಳಿಗೆ ಯುರೋಪಿನಲ್ಲಿರುವ ಇಎನ್ 397 ಮಾನದಂಡದ ಪ್ರಕಾರ, ಕಿಂಡಿಗಳಿದ್ದರೆ ಅವೆಲ್ಲವುಗಳ ಒಟ್ಟು ವಿಸ್ತೀರ್ಣ 150 ಚದರ ಮಿಲಿಮೀಟರಿಗಿಂತ ಕಡಿಮೆ ಇರಬಾರದು, 450 ಚದರ ಮಿಲಿಮೀಟರನ್ನು ಮೀರಬಾರದು. ಅಂದರೆ ಎಲ್ಲ ಕಿಂಡಿಗಳನ್ನೂ ಒಟ್ಟುಗೂಡಿಸಿದರೂ, ಬದಿಯೊಂದು ಸುಮಾರು ಎರಡು ಸೆಂಟಿಮೀಟರ್ ಇರುವ ಒಂದು ಚೌಕದಷ್ಟೇ ತೆರಪು. ಹೆಲ್ಮೆಟ್ಟಿನ ಹೊರಚಿಪ್ಪಿನ ಗಟ್ಟಿತನ ಕುಂದಬಾರದು, ಮೇಲಿನಿಂದ ಬೀಳುವ ಚೂಪಾದ ವಸ್ತು ಒಳನುಗ್ಗಬಾರದು ಎಂಬ ಕಾರಣಕ್ಕೆ ಈ ಮಿತಿ ಬೇಕೇ ಬೇಕು.

ಇಷ್ಟು ಸಣ್ಣ ತೆರಪು ಪ್ರಯೋಜನಕ್ಕೆ ಬರುವುದು ಒಳಗಿನ ಅಂತರ ಸರಿಯಿದ್ದಾಗ ಮಾತ್ರ. ತಲೆಗೂ ಚಿಪ್ಪಿಗೂ ನಡುವೆ ಪಟ್ಟಿಗಳ ಜಾಲವೊಂದಿರುತ್ತದೆ. ಅದು ಪೆಟ್ಟನ್ನು ಹಂಚಿ ತಗ್ಗಿಸುವುದರ ಜೊತೆಗೆ ಗಾಳಿಯಾಡಲು ಜಾಗವನ್ನೂ ಉಳಿಸುತ್ತದೆ. ಅದೇ ಮಾನದಂಡ ನೆತ್ತಿಯ ಮೇಲೆ ಕನಿಷ್ಠ 25 ಮಿಲಿಮೀಟರ್ ಮತ್ತು ಬದಿಗಳಲ್ಲಿ ಕನಿಷ್ಠ 5 ಮಿಲಿಮೀಟರ್ ಅಂತರವನ್ನು ಕೇಳುತ್ತದೆ. ಬಿಸಿಯಾದ ಗಾಳಿ ಮೇಲೇರುವುದರಿಂದ ಕಿಂಡಿಗಳು ನೆತ್ತಿಗೆ ಹತ್ತಿರವಿದ್ದರೆ ಒಳಗಿನ ಬಿಸಿ ತಾನಾಗಿ ಹೊರಹೋಗಿ, ಕೆಳಗಿನ ಅಂಚಿನಿಂದ ಬೇರೆ ಗಾಳಿ ಒಳಬರುತ್ತದೆ. ಕಿವಿಯ ಮೇಲ್ಭಾಗದಲ್ಲಿ ಮಾತ್ರ ಕಿಂಡಿಗಳಿರುವ ಮಾದರಿಯೊಂದನ್ನೂ ನಾವು ತರಿಸಿದ್ದೆವು. ಗಾಳಿ ಬೀಸದ ದಿನ ಅದಕ್ಕೂ ಕಿಂಡಿಯಿಲ್ಲದ ಹೆಲ್ಮೆಟ್ಟಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ಕಲಬುರಗಿಯ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ ಇರುವಾಗ 42 ಡಿಗ್ರಿಯ ಗಾಳಿ ಬೀಸಿದರೆ ಆ ಗಾಳಿ ತಲೆಗೆ ಶಾಖವನ್ನೇ ತರುತ್ತದೆ. ಆದರೂ ಕಿಂಡಿಯಿರುವ ಹೆಲ್ಮೆಟ್ ಹಿತವೆನಿಸುತ್ತದೆ, ಏಕೆಂದರೆ ಇಲ್ಲಿಯ ಒಣಗಾಳಿ ಬೆವರನ್ನು ಬೇಗ ಆವಿ ಮಾಡುತ್ತದೆ ಮತ್ತು ಆವಿಯಾಗುವ ಬೆವರು ಚರ್ಮದ ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರು, ಕಾರವಾರಗಳ ತೇವದ ಹವೆಯಲ್ಲಿ ಬೆವರು ಅಷ್ಟು ಬೇಗ ಆರುವುದಿಲ್ಲವಾದ್ದರಿಂದ ಕಿಂಡಿಗಳಿಂದ ಇಷ್ಟು ಲಾಭವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ನಮ್ಮ ಕಡೆಯೂ ಬೆವರಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ, ನೀರು ಕುಡಿದರೆ ಮಾತ್ರ ಬೆವರು ಬರುತ್ತದೆ. ಬಿಸಿಲಲ್ಲಿ ದುಡಿಯುವವರು ಪ್ರತಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂಬ ಸಲಹೆಯನ್ನು ಬದಿಗಿಟ್ಟು ಹೆಲ್ಮೆಟ್ಟಿಗೆ ಎಷ್ಟು ಹಣ ಸುರಿದರೂ ಅದು ವ್ಯರ್ಥ. ತಲೆ ದೇಹದ ಮೇಲ್ಮೈಯ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚಿಲ್ಲ. ಹೆಲ್ಮೆಟ್ ಹಿತವಾಗಿದ್ದ ಮಾತ್ರಕ್ಕೆ ಬಿಸಿಲಾಘಾತದ ಅಪಾಯ ದೂರವಾಯಿತೆಂದು ಯಾವ ಮೇಸ್ತ್ರಿಯೂ ಭಾವಿಸಬಾರದು.

ಎರಡನೆಯ ಬಗೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ರ‍್ಯಾಚೆಟ್ ಮತ್ತು ಬೆವರುಪಟ್ಟಿ. ಕೈಗವಸು ಹಾಕಿಕೊಂಡೇ ಒಂದು ಕೈಯಲ್ಲಿ ಬಿಗಿ ಮಾಡಬಹುದು, ವಿರಾಮದಲ್ಲಿ ಸಡಿಲಿಸಬಹುದು. ದಪ್ಪ ಹತ್ತಿಯ ಬೆವರುಪಟ್ಟಿಯನ್ನು ಕಳಚಿ, ತೊಳೆದು, ಮತ್ತೆ ಹಾಕಬಹುದು. ಕಂಬಿ ಕಟ್ಟುವ ತಂಡದವರು ಮಧ್ಯಾಹ್ನದ ಊಟದವರೆಗೂ ತೆಗೆಯದೆ ಧರಿಸಿದ್ದು ಇದೊಂದನ್ನೇ.

ಮೂರನೆಯ ಬಗೆಯ ಶಕ್ತಿ ಅದರ ಗದ್ದದ ಪಟ್ಟಿಯಲ್ಲಿದೆ. ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಕೆಳಗೆ ಬಾಗಿದರೂ ಹೆಲ್ಮೆಟ್ ಅಲುಗುವುದಿಲ್ಲ, ತಲೆಯೆತ್ತಿ ನೋಡುವಾಗ ಮುಂಚಾಚು ದೃಷ್ಟಿಗೆ ಅಡ್ಡಬರುವುದಿಲ್ಲ. ಕಾಂಕ್ರೀಟ್ ಹಾಕುವಾಗ ಸೆಂಟ್ರಿಂಗ್ ಕೆಳಗೆ ನಿಲ್ಲುವವರ ಮೇಲೆ ಸಿಮೆಂಟ್ ಹಾಲು ತೊಟ್ಟಿಕ್ಕುತ್ತದೆ. ಸಿಮೆಂಟಿನ ಕ್ಷಾರ ಚರ್ಮವನ್ನು ಕೆರಳಿಸುವುದರಿಂದ ಅಂಥ ಹೊತ್ತಿನಲ್ಲಿ ಜಾರುಮುಚ್ಚಳದಿಂದ ಕಿಂಡಿಗಳನ್ನು ಮುಚ್ಚಿಕೊಳ್ಳುವ ಸೌಲಭ್ಯ ನಿಜಕ್ಕೂ ಬೆಲೆಯುಳ್ಳದ್ದು. ಆದರೆ ತೆರೆದ ಸ್ಲ್ಯಾಬಿನ ಬಿಸಿಲಿಗೆ ಇದನ್ನು ನಾನು ಶಿಫಾರಸು ಮಾಡಲಾರೆ. ಹಣೆಗೂ ಕತ್ತಿಗೂ ನೆರಳು ಇಲ್ಲವೇ ಇಲ್ಲ, ಗದ್ದದ ಪಟ್ಟಿಯ ಕೆಳಗೆ ಬೆವರುಸಾಲೆ ಏಳುತ್ತದೆ, ಬೆಲೆಯೂ ಇತರ ಮೂರಕ್ಕಿಂತ ಬಹಳ ಹೆಚ್ಚು. ಪಟ್ಟಿಯ ಬಗ್ಗೆ ಇನ್ನೊಂದು ಮಾತನ್ನು ಕೊಳ್ಳುವವರು ಗಮನಿಸಬೇಕು: ಇಎನ್ 397ರಲ್ಲಿ ಗದ್ದದ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳಬೇಕು, ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯದಿರಲಿ ಎಂಬುದು ಅದರ ಉದ್ದೇಶ, ಪರ್ವತಾರೋಹಣದ ಇಎನ್ 12492 ಮಾನದಂಡದ ಪಟ್ಟಿ ಬೀಳುವಾಗಲೂ ಬಿಚ್ಚಿಕೊಳ್ಳದಷ್ಟು ಗಟ್ಟಿಯಾಗಿರಬೇಕು. ಎರಡರ ಉದ್ದೇಶವೂ ಬೇರೆಯಾದ್ದರಿಂದ ಕೆಲಸ ನೋಡಿ ಆರಿಸಬೇಕು.

ಅಗಲ ಅಂಚಿನ ಹೆಲ್ಮೆಟ್ಟಿನಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ, ಆದರೆ ಗಾರೆ ಕೆಲಸದ ಗೌಂಡಿಗಳು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕಿವಿ, ಕತ್ತಿನ ಹಿಂಭಾಗ, ಕೆನ್ನೆ ಮೂರಕ್ಕೂ ನೆರಳು ಬೀಳುವುದರಿಂದ, ನೆತ್ತಿ ಬೆವರಿದರೂ ಒಟ್ಟಿನಲ್ಲಿ ಬಿಸಿಲ ಉರಿ ಕಡಿಮೆ ಎನ್ನುವುದು ಅವರ ಅನುಭವ. ನಿಂತೇ ಮಾಡುವ ಕೆಲಸದಲ್ಲಿ ನನಗೂ ಹಾಗೆಯೇ ಅನಿಸಿತು. ತಲೆಯೆತ್ತಿ ಸೆಂಟ್ರಿಂಗ್ ಬಿಗಿಮಾಡುವವರಿಗೆ ಮಾತ್ರ ಹಿಂಬದಿಯ ಅಂಚು ಬೆನ್ನಿಗೆ ಒತ್ತಿ ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಸುರಕ್ಷತಾ ಬೆಲ್ಟಿನ ಹಿಂಬದಿಯ ಹಗ್ಗವೂ ಅಂಚಿಗೆ ತಾಗುತ್ತದೆ. ಈ ಬಗೆ ನಮ್ಮ ಊರಿನ ಅಂಗಡಿಗಳಲ್ಲಿ ಸಿಗದೆ ಹೊರಗಿನಿಂದ ತರಿಸಬೇಕಾಯಿತು. ತರಿಸಲಾಗದವರು, ಎರಡನೆಯ ಬಗೆಯ ಹೆಲ್ಮೆಟ್ಟಿಗೆ ತಯಾರಕರೇ ಕೊಡುವ ಕತ್ತಿನ ಬಟ್ಟೆಯನ್ನು ಜೋಡಿಸಿಕೊಂಡರೆ ಇದರ ಲಾಭದ ಬಹುಪಾಲು ದೊರೆಯುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಬಿಳಿ ಬಣ್ಣ ಬಿಸಿಲನ್ನು ಹೆಚ್ಚು ಹಿಂದಿರುಗಿಸುತ್ತದೆ. ಕಡುನೀಲಿ, ಕೆಂಪು, ಹಸಿರು ಹೀರಿಕೊಳ್ಳುತ್ತವೆ. ನಮ್ಮ ಬಹುತೇಕ ಕಾಮಗಾರಿಗಳಲ್ಲಿ ಬಿಳಿ ಹೆಲ್ಮೆಟ್ ಎಂಜಿನಿಯರುಗಳಿಗೆ, ಹಳದಿ ಕೂಲಿಯವರಿಗೆ ಎಂಬ ರೂಢಿಯಿದೆ. ದಿನದ ಅರ್ಧ ಭಾಗ ಶೆಡ್ಡಿನಲ್ಲಿ ನಕ್ಷೆ ನೋಡುವವರಿಗೆ ತಂಪಿನ ಬಣ್ಣವನ್ನೂ ದಿನವಿಡೀ ಬಿಸಿಲಲ್ಲಿ ನಿಲ್ಲುವವರಿಗೆ ಉಳಿದ ಬಣ್ಣಗಳನ್ನೂ ಹಂಚುವ ಈ ರೂಢಿಯನ್ನು ಬಿಡಲೇಬೇಕು. ನಾವು ಎಲ್ಲರಿಗೂ ಬಿಳಿಯನ್ನೇ ಕೊಟ್ಟು, ಕೆಲಸವನ್ನು ಗುರುತಿಸಲು ತಯಾರಕರು ಒಪ್ಪಿದ ಬಣ್ಣದ ಸ್ಟಿಕರ್ ಅಂಟಿಸಿದ್ದೇವೆ. ಗುರುತಿಸುವುದಕ್ಕೆ ಯಾರಿಗೂ ತೊಂದರೆಯಾಗಿಲ್ಲ.

ಕಿಂಡಿಯಿರುವ ಹೆಲ್ಮೆಟ್ ಕೊಡಲೇಬಾರದ ಕೆಲಸಗಳೂ ಇವೆ. ವಿದ್ಯುತ್ ತಂತಿಗಳ ಬಳಿ, ಪ್ಯಾನಲ್ ಬೋರ್ಡುಗಳಲ್ಲಿ ಕೆಲಸ ಮಾಡುವವರು ಅದನ್ನು ಧರಿಸಕೂಡದು. ಅಮೆರಿಕದ ಎಎನ್‌ಎಸ್‌ಐ ಝಡ್ 89.1 ಮಾನದಂಡದಲ್ಲಿ ಇ ವರ್ಗದ ಹೆಲ್ಮೆಟ್ಟನ್ನು 20,000 ವೋಲ್ಟಿಗೂ ಜಿ ವರ್ಗದ್ದನ್ನು 2,200 ವೋಲ್ಟಿಗೂ ಪರೀಕ್ಷಿಸುತ್ತಾರೆ. ಕಿಂಡಿಗಳಿರುವವು ವಿದ್ಯುತ್ ರಕ್ಷಣೆಯೇ ಇಲ್ಲದ ಸಿ ವರ್ಗಕ್ಕೆ ಸೇರುತ್ತವೆ. ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡುವವರಿಗೂ ಕಿಡಿ ಒಳಬೀಳುವ ಅಪಾಯವಿದೆ. ಇವರಿಗೆ ಕಿಂಡಿಯಿಲ್ಲದ, ಆದರೆ ರ‍್ಯಾಚೆಟ್ ಮತ್ತು ಹತ್ತಿಯ ಬೆವರುಪಟ್ಟಿ ಇರುವ ಬಿಳಿ ಹೆಲ್ಮೆಟ್ಟೇ ಸರಿ.

ಹಳೆಯ ಹೆಲ್ಮೆಟ್ಟಿಗೆ ಡ್ರಿಲ್ಲಿನಿಂದ ತೂತು ಕೊರೆಯುವುದನ್ನು ನಾನು ಬೇರೆ ಕಾಮಗಾರಿಗಳಲ್ಲಿ ಕಂಡಿದ್ದೇನೆ. ಕೊರೆದ ತೂತಿನ ಅಂಚಿನಿಂದಲೇ ಚಿಪ್ಪು ಸೀಳಬಹುದು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಬೆವರಿಗೆಂದು ಟವೆಲನ್ನು ಮಡಚಿ ಒಳಗಿಡುವುದೂ ಅಷ್ಟೇ ತಪ್ಪು, ಏಕೆಂದರೆ ಪೆಟ್ಟು ತಗ್ಗಿಸಲು ಬೇಕಾದ ಅಂತರವನ್ನು ಅದು ತುಂಬಿಬಿಡುತ್ತದೆ, ಗಾಳಿಯ ದಾರಿಯನ್ನೂ ಮುಚ್ಚುತ್ತದೆ.

ಮುಂದಿನ ಖರೀದಿಗೆ ನಾನು ಬರೆದುಕೊಟ್ಟಿರುವ ಪಟ್ಟಿಯಲ್ಲಿ ಕಂಬಿ ಮತ್ತು ಸೆಂಟ್ರಿಂಗ್ ತಂಡಗಳಿಗೆ ಎರಡನೆಯ ಬಗೆ ಕತ್ತಿನ ಬಟ್ಟೆಯೊಂದಿಗೆ, ಹೊರಗೋಡೆಯ ಗೌಂಡಿಗಳಿಗೆ ಅಗಲ ಅಂಚಿನದು, ಎತ್ತರದ ಅಟ್ಟಣಿಗೆಯವರಿಗೆ ಮೂರನೆಯ ಬಗೆ ಎಂದಿದೆ. ಎಲ್ಲದರ ಮೇಲೂ ಅದು ಯಾವ ಮಾನದಂಡಕ್ಕೆ ಒಪ್ಪಿತವೆಂಬ ಗುರುತು ಇರಬೇಕು. ಇಲ್ಲಿಯೇ ತಯಾರಾದದ್ದಾದರೆ ಐಎಸ್‌ಐ ಗುರುತು ಮತ್ತು ಐಎಸ್ 2925 ಎಂಬ ಸಂಖ್ಯೆಯನ್ನು ನೋಡಬೇಕು. ಚಿಪ್ಪಿನ ಒಳಗೆ ಬಾಣದ ಗುರುತಿನ ಸುತ್ತ ಅಚ್ಚಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಅಂಗಡಿಯಲ್ಲೇ ಓದಿ ನೋಡಬೇಕು, ಏಕೆಂದರೆ ನಮ್ಮ ಬಿಸಿಲು ಪ್ಲಾಸ್ಟಿಕ್ಕನ್ನು ಬೇಗ ಪೆಡಸು ಮಾಡುತ್ತದೆ; ಬಣ್ಣ ಮಾಸಿ ಸುಣ್ಣದಂಥ ಪುಡಿ ಕೈಗೆ ಹತ್ತಿದರೆ ಆ ಹೆಲ್ಮೆಟ್ಟನ್ನು ಅಂದೇ ಬದಲಿಸಬೇಕು. ಪ್ರತಿ ಹೆಲ್ಮೆಟ್ಟಿನ ಜೊತೆ ಎರಡು ಬೆವರುಪಟ್ಟಿಗಳನ್ನು ಹೆಚ್ಚುವರಿಯಾಗಿ ಕೇಳಿದ್ದೇನೆ, ಒಂದು ಒಣಗುತ್ತಿರುವಾಗ ಇನ್ನೊಂದನ್ನು ಹಾಕಿಕೊಳ್ಳಲು ಅನುಕೂಲವಾಗಲೆಂದು.